ಎಂಟು ಜೋಡಿ ಕಣ್ಣು

ಆ ದಿನ ಬೆಳಿಗ್ಗೆ ಊರಿನ ಮೇಲೆ ಮಂಜು ಕೂತಿತ್ತು. ಪಟದ ಮನೆಯ ಜಗಲಿಯಲ್ಲಿ ನಿಂತರೆ ಅಂಗಳದಲ್ಲಿ ಹೊತ್ತು ನೋಡುವ ನೆರಳುಗಂಬವೇ ಕಾಣುತ್ತಿರಲಿಲ್ಲ. ತುಳಸಿಗೆ ನೀರು ಹಾಕಲು ಹೋದವನು ಪಕ್ಕದಲ್ಲಿದ್ದ ಬಟ್ಟೆ ಒಗೆಯುವ ಕಲ್ಲಿಗೆ ಹಾಕಿ, ಮೂರು ಸುತ್ತು ಬಂದು, ಕೈಮುಗಿದ ಮೇಲೆಯೇ ನನಗೆ ತಪ್ಪು ಗೊತ್ತಾದದ್ದು. ಆಮೇಲೆ ತುಳಸಿಗೂ ಹಾಕಿದೆ. ದಿನಾ ಒದೆ ತಿನ್ನುವ ಕಲ್ಲಿಗೆ ಒಂದು ದಿನವಾದರೂ ಪೂಜೆಯಾಗಲಿ ಅಂತ ದೇವರೇ ಮಾಡಿಸಿರಬೇಕು ಅಂದುಕೊಂಡೆ.

ಮಂಜು ಬಿದ್ದ ದಿನ ಬಿಸಿಲು ಚುರುಕಾಗಿ ಬರುತ್ತದೆ ಅಂತ ನಮ್ಮೂರಿನ ಹಪ್ಪಳದ ಹೆಂಗಸರು ಹೇಳುತ್ತಾರೆ. ಆದರೆ ಅವತ್ತು ಅವರಿಗೆ ಹಪ್ಪಳದ ಯೋಚನೆ ಇರಲಿಲ್ಲ. ಅವರ ಗುಂಪಿನ ಮುಂದಾಳು ಹೊಂಬಾಳಮ್ಮನ ಕೂಸಿಗೆ ಅವತ್ತು ಹನ್ನೆರಡನೆಯ ದಿನ.

ನಮ್ಮೂರಿನಲ್ಲಿ ಹುಟ್ಟಿದ ಕೂಸು ಹನ್ನೆರಡನೆಯ ದಿನ, ಸೂರ್ಯ ಹುಟ್ಟಿದಾಗಿನಿಂದ ನೆತ್ತಿಗೇರುವ ತನಕ, ತನ್ನ ಹಿಂದಿನ ಮುಖ ತೋರಿಸುತ್ತದೆ. ಹಿಂದೆ ಇದೇ ಊರಿನಲ್ಲಿ ಬಾಳಿ ಹೋದ ಯಾರದೋ ಮುಖ ಅದು. ಕುಂಚಿಗೆಯೊಳಗೆ ಹುರಿಮೀಸೆ ಇರುತ್ತದೆ, ಒಮ್ಮೊಮ್ಮೆ ಮೂಗುಬೊಟ್ಟಿನ ತೂತು ಇರುತ್ತದೆ, ಸುಕ್ಕುಗಟ್ಟಿದ ಕೆನ್ನೆ ಇರುತ್ತದೆ. ನೆರಳುಗಂಬದ ನೆರಳು ಬುಡಕ್ಕೆ ಸೇರಿದ ಕೂಡಲೇ ಅದೆಲ್ಲ ಅಳಿಸಿಹೋಗಿ ಎಲ್ಲ ಕೂಸುಗಳ ಹಾಗೆ ಹಿಟ್ಟಿನುಂಡೆಯಂಥ ಮುಖ ಆಗುತ್ತದೆ. ಅಷ್ಟರೊಳಗೆ ಪಟದ ಮನೆಯಲ್ಲಿ ಆ ಮುಖದ ಪಟವನ್ನು ಹುಡುಕಬೇಕು. ಹುಡುಕಿದವರು ಪಟದ ಹಿಂದೆ ಬರೆದ ಹೆಸರನ್ನು ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಬೇಕು. ಆಮೇಲೆ ಆ ಪಟ ಕೂಸಿನ ಜೊತೆ ಮನೆಗೆ ಹೋಗುತ್ತದೆ. ಪಟ ಮನೆ ಸೇರದಿದ್ದರೆ ಹೆಸರು ನಿಲ್ಲುವುದಿಲ್ಲ. ಆ ಜೀವ ಮತ್ತೆ ಊರು ಬಿಟ್ಟ ದಿನ, ಈ ಬಾಳಿನ ಮುಖವನ್ನು ಹೊಸದಾಗಿ ಬರೆಸಿಕೊಂಡು ಪಟ ತಿರುಗಿ ನನ್ನ ಗೋಡೆಗೆ ಬರುತ್ತದೆ.

ಹೊಸ ಹೆಸರು ನಮ್ಮೂರಿಗೆ ಆಗಿಬರುವುದಿಲ್ಲ. ಕೆಲವರು ಇಟ್ಟು ನೋಡಿದರು. ಬೆಳಿಗ್ಗೆ ಇಟ್ಟ ಹೆಸರು ಸಂಜೆಗೆ ಇಟ್ಟವರ ನಾಲಿಗೆಯಿಂದಲೇ ಜಾರಿಹೋಗಿರುತ್ತದೆ. ಹಾಗಾಗಿ ಪಟ ಸಿಗದ ಕೂಸು ಹೆಸರಿಲ್ಲದೆಯೇ ಬೆಳೆಯುತ್ತದೆ. ಅಂಥವರು ಊರಲ್ಲಿ ಹನ್ನೊಂದು ಜನ. ಒಬ್ಬನಿಗೆ ಐವತ್ತಾರು ವರ್ಷ. ಅವನಿಗೆ ಏನಾದರೂ ಹೇಳಬೇಕಾದರೆ ಎದುರಿಗೆ ಹೋಗಿ ನಿಂತು ಭುಜ ಮುಟ್ಟಬೇಕು. ಅವನ ಹೊಲಕ್ಕೆ ಹಂದಿ ನುಗ್ಗಿದರೂ ಕೂಗುವ ಹಾಗಿಲ್ಲ, ಓಡಿಹೋಗಿ ಭುಜ ಮುಟ್ಟಬೇಕು; ಅಷ್ಟರಲ್ಲಿ ಹಂದಿ ಊಟ ಮುಗಿಸಿ ಎಲೆಯಡಿಕೆಗೆ ಕೂತಿರುತ್ತದೆ.

ಹನ್ನೊಂದನೆಯವಳು ಹೊಂಬಾಳಮ್ಮನ ದೊಡ್ಡ ಮಗಳು, ಎಂಟು ವರ್ಷದವಳು. ಸಂಜೆ ಕೇರಿಯ ತಾಯಂದಿರೆಲ್ಲ ಹೊಸಿಲಿಗೆ ಬಂದು ಮಕ್ಕಳ ಹೆಸರು ಹಿಡಿದು ಕೂಗುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಆಟ ಬಿಟ್ಟು ಓಡುತ್ತವೆ. ಕೊನೆಗೆ ಬೀದಿಯಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ. ಹೊಂಬಾಳಮ್ಮ ಹೊಸಿಲಲ್ಲಿ ನಿಂತು ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಆಮೇಲೆ ಇಳಿದು ಹೋಗಿ ಕೈಹಿಡಿದು ಕರೆತರುತ್ತಾಳೆ.

ಅದು ನನ್ನ ತಪ್ಪು. ಪಟದ ಮನೆಯ ಪಾಲನೆ ನಮ್ಮ ಮನೆತನದ್ದು; ಊರವರು ನನ್ನನ್ನು ಪಟದಯ್ಯ ಅಂತಲೇ ಕರೆಯುತ್ತಾರೆ. ನನ್ನ ಅಜ್ಜನ ಕಾಲಕ್ಕೆ ಗೋಡೆಯ ಮೇಲೆ ಆರುನೂರು ಪಟ ಇದ್ದವಂತೆ, ಗೇಣುದ್ದದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದವು. ಹುಟ್ಟುವವರಿಗಿಂತ ಹೋಗುವವರಿಗೇ ಅವಸರ ಜಾಸ್ತಿಯಾಗಿ, ನನ್ನ ಕಾಲಕ್ಕೆ ಅವು ಎರಡು ಸಾವಿರದ ನಾನೂರ ಎಂಟು ಆಗಿದ್ದವು. ನಾನು ಮಾತ್ರ ಅಜ್ಜನ ಹಾಗೆಯೇ ಎಡಗೈಯಲ್ಲಿ ಕೂಸು ಎತ್ತಿಕೊಂಡು ಮೊದಲನೆಯ ಗೂಟದಿಂದ ಶುರುಮಾಡುತ್ತಿದ್ದೆ. ಒಂದೊಂದು ಪಟದ ಮುಂದೆಯೂ ನಿಂತು, ಕೈಮುಗಿದು, ಕೂಸಿನ ಮುಖ ನೋಡಿ, ಪಟ ನೋಡಿ, 'ಇವರಲ್ಲ, ಕ್ಷಮಿಸಬೇಕು' ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಹಿರಿಯರಲ್ಲವೇ, ಸುಮ್ಮನೆ ದಾಟಿಹೋಗುವುದು ಹೇಗೆ? ಆ ಹುಡುಗಿಯ ದಿನ ನಾನು ಸಾವಿರದ ಇನ್ನೂರನೆಯ ಹಿರಿಯರ ಹತ್ತಿರ ಕ್ಷಮೆ ಕೇಳುತ್ತಿದ್ದಾಗ ನೆರಳು ಬುಡಕ್ಕೆ ಸೇರಿತು.

ನೀವು ಕೇಳಬಹುದು, ದಿನಾ ಧೂಳು ಒರೆಸುವವನಿಗೆ ಮುಖ ಗುರುತು ಸಿಗುವುದಿಲ್ಲವೇ ಅಂತ. ಎರಡು ಸಾವಿರ ಮುಖ ನೋಡಿ ನೋಡಿ ನನಗೆ ಎಲ್ಲರೂ ಗುರುತಿನವರೇ ಆಗಿಬಿಟ್ಟಿದ್ದಾರೆ. ಸಂತೆಯಲ್ಲಿ ಅಪರಿಚಿತರು ಎದುರಾದರೂ ಮನೆಯಲ್ಲಿ ಎಲ್ಲರೂ ಸೌಖ್ಯವೇ ಅಂತ ಕೇಳುತ್ತೇನೆ. ಅಂಥವನ ಗುರುತನ್ನು ನಂಬಿ ಕೂಸಿಗೆ ಹೆಸರು ಇಡುವುದು ಹೇಗೆ?

ಹೊಂಬಾಳಮ್ಮ ಮತ್ತೆ ಬಸುರಿಯಾಗಿ ಎಂಟನೆಯ ತಿಂಗಳಲ್ಲಿ ಪಟದ ಮನೆಗೆ ಬಂದಳು. ಕೈಗೆ ಉದ್ದಿನ ಹಿಟ್ಟು ಹಾಗೆಯೇ ಅಂಟಿತ್ತು.

"ಪಟದಯ್ಯ, ಈ ಸಲ ನೀವೊಬ್ಬರೇ ಹುಡುಕೋದು ಬೇಡ," ಅಂದಳು.

"ಇನ್ಯಾರಮ್ಮ ಹುಡುಕೋದು?"

"ನಮ್ಮ ಗುಂಪು. ಎಂಟು ಜನ ಹೆಂಗಸರು. ಸಾವಿರ ಹಪ್ಪಳ ನಾನೊಬ್ಬಳೇ ಒತ್ತಿದ್ರೆ ನಾಲ್ಕು ದಿನ ಬೇಕು. ಎಂಟು ಜನ ಕೂತ್ರೆ ಮಧ್ಯಾಹ್ನಕ್ಕೆ ಮುಗಿಸಿ ತಲೆ ಬಾಚ್ಕೊಳ್ತೀವಿ. ನಿಮ್ಮ ಪಟ ಏನು, ಹಪ್ಪಳಕ್ಕಿಂತ ದೊಡ್ಡದಾ?"

ಜಗಲಿಯ ಮೇಲೆ ಕೂತಿದ್ದ ಊರ ಯಜಮಾನ ಬೋರಲಿಂಗಯ್ಯ ಇದನ್ನು ಕೇಳಿಸಿಕೊಂಡ. ಪಟದ ಮನೆಯ ಯಾವ ವಿಷಯಕ್ಕೂ ಅವನ ಒಪ್ಪಿಗೆ ಬೇಕು. "ಒಂದೇ ಒಲೆಗೆ ಎಂಟು ಜನ ಊದಿದ್ರೆ ಬೂದಿ ಹಾರ್ತದೆ ಅಷ್ಟೇ ಕಣಮ್ಮ, ಬೆಂಕಿ ಹತ್ತೋದಿಲ್ಲ. ಒಬ್ಬರೇ ಹುಡುಕೋದು ಇಲ್ಲಿಯ ಪದ್ಧತಿ," ಅಂದ.

"ಒಬ್ಬರೇ ಹುಡುಕಬೇಕು ಅಂತ ಎಲ್ಲಾದ್ರೂ ಬರೆದದೆಯಾ ಯಜಮಾನ್ರೇ?"

"ಬರೆದಿಲ್ಲ. ಇಂಥದ್ದೊಂದು ಯಾರಾದ್ರೂ ಕೇಳ್ತಾರೆ ಅಂತ ನಮ್ಮ ಹಿರಿಯರಿಗೆ ಹೊಳೆದಿಲ್ಲ."

"ಹೊಳೆಯದೇ ಇದ್ದದ್ದು ಒಳ್ಳೇದೇ ಆಯ್ತು," ಅಂದು ಅವಳು ನನ್ನ ಕಡೆ ತಿರುಗಿದಳು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಮಗೂನ ಕೈಹಿಡಿದು ಕರೆತರೋ ಶಕ್ತಿ ನಂಗಿಲ್ಲ ಪಟದಯ್ಯ," ಅಂದಳು.

ನಾನು ಒಪ್ಪಿದೆ. ಬೋರಲಿಂಗಯ್ಯ ಒಪ್ಪಲಿಲ್ಲ, ಆದರೆ ಬೇಡ ಅನ್ನಲೂ ಇಲ್ಲ, ನೋಡೋಣ ಅಂದ. ನಮ್ಮೂರಿನಲ್ಲಿ ಅದೇ ಒಪ್ಪಿಗೆ.

ಹೆರಿಗೆಗೆ ಮುಂಚೆ ಒಂದೆರಡು ಸಲ ಅಭ್ಯಾಸ ಮಾಡಿ ನೋಡುವುದು ಅಂತ ಮಾತಾಯಿತು. ನಾನು ಗುಟ್ಟಾಗಿ ಒಂದು ಪಟ ಆರಿಸಿ, ಅದರ ಮುಖವನ್ನು ಇದ್ದಿಲಿನಲ್ಲಿ ಕಾಗದದ ಮೇಲೆ ಬರೆದು ಹೆಂಗಸರ ಮುಂದೆ ಇಟ್ಟೆ. ಗಡ್ಡ ಬಿಟ್ಟ ಒಬ್ಬ ಮುದುಕ. ಇವರು ಹೇಗೆ ಹುಡುಕುತ್ತಾರೋ ಅಂತ ನೋಡುತ್ತಿದ್ದೆ. ಅವರದು ಹಪ್ಪಳದ ಬುದ್ಧಿ. ಹಪ್ಪಳದ ಕೆಲಸದಲ್ಲಿ ಹಿಟ್ಟು ನಾದುವವಳು ಒಬ್ಬಳು, ಉಂಡೆ ಕಟ್ಟುವವಳು ಒಬ್ಬಳು, ಒತ್ತುವವಳು ಒಬ್ಬಳು, ಒಣಹಾಕುವವಳು ಒಬ್ಬಳು. ಅದೇ ರೀತಿ ಆ ಮುದುಕನ ಮುಖವನ್ನೂ ಹಂಚಿಕೊಂಡರು. ಮೂಗು ನಿನಗೆ, ಕಿವಿ ಅವಳಿಗೆ, ಹುಬ್ಬು ಇವಳಿಗೆ, ಗದ್ದ ನನಗೆ. ಎಂಟು ಜನವೂ ಎರಡು ಸಾವಿರದ ನಾನೂರ ಎಂಟು ಪಟಗಳ ಮುಂದೆಯೂ ಹಾದುಹೋದರು. ಒಬ್ಬರ ಹಿಂದೆ ಒಬ್ಬರು, ಒಬ್ಬರ ಸೆರಗು ಇನ್ನೊಬ್ಬರು ತುಳಿದುಕೊಂಡು. ಸಂಜೆಗೆ ಎಂಟು ಪಟ ತಂದಿಟ್ಟರು. ಎಂಟೂ ಬೇರೆ ಬೇರೆ. ಬಾಯಲ್ಲಿ ಎಲ್ಲರಿಗಿಂತ ಮುಂದಿದ್ದ ದೊಡ್ಡತಾಯಿ ತಂದದ್ದು ಒಬ್ಬ ಮುತ್ತೈದೆಯ ಪಟ.

"ದೊಡ್ಡತಾಯಿ, ನಾನು ಬರೆದದ್ದು ಗಂಡಸು, ಗಡ್ಡ ಇದೆಯಲ್ಲಮ್ಮ," ಅಂದೆ.

"ನಂಗೆ ಕೊಟ್ಟದ್ದು ಕಿವಿ," ಅಂದಳು ದೊಡ್ಡತಾಯಿ. "ಗಡ್ಡದ ಸಮಾಚಾರ ಗಡ್ಡದೋಳನ್ನ ಕೇಳಿ. ಕಿವಿ ಸರಿಯಾಗಿದೆಯೋ ಇಲ್ವೋ, ಅಷ್ಟು ಹೇಳಿ."

ಕಿವಿ ಸರಿಯಾಗಿಯೇ ಇತ್ತು. ಹೊಂಬಾಳಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಗೋಡೆಯನ್ನೇ ದಿಟ್ಟಿಸಿ ನೋಡಿದಳು. "ಮುಖ ಹಂಚ್ಕೊಂಡದ್ದು ನಮ್ಮ ದಡ್ಡತನ ಕಣ್ರೇ. ಹಂಚ್ಕೋಬೇಕಾದ್ದು ಗೋಡೆ," ಅಂದಳು.

ಮರುದಿನ ಕುಂಕುಮದಲ್ಲಿ ಗೋಡೆಗೆ ಗೆರೆ ಎಳೆದು ಎಂಟು ಪಾಲು ಮಾಡಿದೆವು. ಒಬ್ಬೊಬ್ಬರಿಗೆ ಮುನ್ನೂರ ಒಂದು ಪಟ. ಪೂರ್ತಿ ಮುಖವನ್ನು ಎಲ್ಲರೂ ನೋಡಿಕೊಂಡು ಹೋಗುವುದು, ತಂತಮ್ಮ ಪಾಲಿನಲ್ಲಿ ಅದಕ್ಕೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ ಒಂದೇ ಒಂದು ಪಟ ತರುವುದು. ಹಾಗೆ ಬಂದ ಎಂಟರಲ್ಲಿ ಒಂದನ್ನು ನಾನೂ ಹೊಂಬಾಳಮ್ಮನೂ ಆರಿಸುವುದು. ಮಾತು ಚೆನ್ನಾಗಿತ್ತು. ಆದರೆ ನಾನು ಬರೆದ ಕಾಗದ ಒಂದೇ. ಹತ್ತು ಪಟ ನೋಡುವಷ್ಟರಲ್ಲಿ ಮುಖ ಮರೆತುಹೋಗಿ ಎಂಟು ಜನವೂ ಕಾಗದದ ಹತ್ತಿರಕ್ಕೆ ಓಡಿಬರುತ್ತಿದ್ದರು. ನಡುಬಾಗಿಲಲ್ಲಿ ಇಬ್ಬರು ತಲೆಗೆ ತಲೆ ಕುಟ್ಟಿಕೊಂಡರು. ಒಬ್ಬಳು ಕಾಗದ ತನ್ನ ಕಡೆ ಎಳೆದಳು, ಇನ್ನೊಬ್ಬಳು ತನ್ನ ಕಡೆ ಎಳೆದಳು. ಮುದುಕನ ಗಡ್ಡ ಅರ್ಧ ಇವಳ ಕೈಯಲ್ಲಿ, ಅರ್ಧ ಅವಳ ಕೈಯಲ್ಲಿ ಉಳಿಯಿತು.

ಎಂಟು ಕಾಗದ ಬರೆಯೋಣವೆಂದರೆ ಬರೆಯುವುದರಲ್ಲೇ ನೆರಳು ಅರ್ಧ ಸರಿಯುತ್ತಿತ್ತು. ಆಗ ನನಗೆ ನಮ್ಮ ಅಮ್ಮನ ರಂಗೋಲಿ ಅಚ್ಚು ನೆನಪಾಯಿತು. ಮುಖವನ್ನು ಒಂದು ದಪ್ಪ ಕಾಗದದ ಮೇಲೆ ಒಂದೇ ಸಲ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಇದ್ದಿಲ ಪುಡಿಯ ಗಂಟನ್ನು ಅದರ ಮೇಲೆ ಎಂಟು ಸಲ ತಟ್ಟಿದೆ. ಎಂಟು ಕಾಗದದ ಮೇಲೆ ಎಂಟು ಮುದುಕರು ಎದ್ದು ಕೂತರು.

ಅಷ್ಟಾದರೂ ಒಂದು ತೊಡಕು ಉಳಿಯಿತು. ಆ ತೊಡಕಿನ ಹೆಸರು ಚೆಲುವಜ್ಜಿ. ಗುಂಪಿನಲ್ಲಿ ಅವಳೇ ಹಿರಿಯಳು, ಎಪ್ಪತ್ತು ದಾಟಿದವಳು. ಹಪ್ಪಳ ಒಣಹಾಕುವುದು, ಕೇರಿಯ ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಅವಳ ಕೆಲಸ. ಗಂಡ ಹೋಗಿ ನಲವತ್ತೆಂಟು ವರ್ಷ, ಮಕ್ಕಳಿಲ್ಲ. ಉಳಿದ ಏಳು ಜನ ಪಾಲು ಮುಗಿಸಿ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರೆ ಚೆಲುವಜ್ಜಿ ನಲವತ್ತನೆಯ ಪಟದ ಮುಂದೆ ಇರುತ್ತಿದ್ದಳು.

"ನೋಡು, ಇವಳು ನಮ್ಮ ಅತ್ತೆಯ ವಾರಗಿತ್ತಿ," ಅನ್ನುತ್ತಿದ್ದಳು, ಕೇಳುವವರು ಯಾರೂ ಇರದಿದ್ದರೂ. "ಉಪ್ಪಿನಕಾಯಿ ಜಾಡೀನ ಹಾಸಿಗೆ ಪಕ್ಕದಲ್ಲಿ ಇಟ್ಕೊಂಡು ಮಲಗ್ತಿದ್ಲು. ಸೊಸೆಯಂದಿರ ಮೇಲೆ ಅಷ್ಟು ನಂಬಿಕೆ. ಇವನು ಅವಳ ತಮ್ಮ. ಈಜೋಕೆ ಬರೋಲ್ಲ ಅಂತ ಬಾವಿಯ ಕಡೆ ಕಾಲು ಚಾಚಿ ಮಲಗ್ತಾ ಇರ್ಲಿಲ್ಲ."

"ಅಜ್ಜೀ, ನೀನು ಮುಖ ಹೋಲಿಸ್ತಿದ್ದೀಯೋ, ಹೆಣ್ಣು ನೋಡೋಕೆ ಬಂದಿದ್ದೀಯೋ?" ಅಂತ ದೊಡ್ಡತಾಯಿ ಕೂಗಿದಳು.

"ನಿಂಗೇನೇ ಗೊತ್ತು, ಕಿವಿ ನೋಡ್ಕೊಂಡು ಗಂಡಸನ್ನ ಹೆಂಗಸು ಮಾಡಿದೋಳೇ?"

ಅವಳನ್ನು ಬಿಟ್ಟು ಏಳೇ ಜನ ಹುಡುಕೋಣವೆಂದರೆ ಅವಳು ಮೂರು ದಿನ ಊಟ ಬಿಡುತ್ತಾಳೆ. ಕೊನೆಗೆ ಹೊಂಬಾಳಮ್ಮನೇ ದಾರಿ ಮಾಡಿದಳು. ತನ್ನ ಪಾಲು ಯಾರು ಮೊದಲು ಮುಗಿಸುತ್ತಾರೋ ಅವರು ಸದ್ದಿಲ್ಲದೆ ಚೆಲುವಜ್ಜಿಯ ಪಾಲಿನ ಆ ಕೊನೆಯಿಂದ ಶುರುಮಾಡಬೇಕು. ಆಮೇಲೆ ಮುಗಿಸಿದವರು ಅವಳ ಪಾಲಿನ ನಡುವಿನಿಂದ. ಹೀಗೆ ಮಾಡಿದ ದಿನ ಚೆಲುವಜ್ಜಿ ನಲವತ್ತೊಂದನೆಯ ಪಟದ ಕಥೆ ಮುಗಿಸಿ ತಿರುಗಿದರೆ ಪಕ್ಕದಲ್ಲೇ ದೊಡ್ಡತಾಯಿ ನಿಂತು, "ಆಯ್ತು ಅಜ್ಜಿ, ನಿನ್ನ ಗೋಡೆ ಮುಗೀತು," ಅಂದಳು.

"ನನ್ನ ಪಾಲು ಕದ್ದಿರಾ?"

"ಕೆಲಸ ಕದ್ರೆ ಪಾಪ ಬರೋಲ್ಲ ಅಜ್ಜಿ. ಪುಣ್ಯ ಬೇಕಾದ್ರೆ ನೀನೇ ಇಟ್ಕೋ."

ಆ ದಿನ ನೆರಳು ಎರಡು ಗೇಣು ಸರಿಯುವಷ್ಟರಲ್ಲಿ ಪಟ ಸಿಕ್ಕಿತು. ನಾನು ಒಂಟಿಯಾಗಿ ಮಾಡಿದ್ದರೆ ಎರಡು ಬೆಳಗು ಹಿಡಿಯುತ್ತಿತ್ತು. ರಾತ್ರಿ ಮಲಗುವಾಗ ಯೋಚಿಸಿದೆ. ದೇವರಿಗೆ ಸಾವಿರ ಕಣ್ಣು ಅಂತ ದಿನವೂ ಬಾಯಲ್ಲಿ ಹೇಳುತ್ತೇನೆ. ಅಷ್ಟೊಂದು ಕಣ್ಣು ಯಾಕೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ನನ್ನ ಎರಡು ಕಣ್ಣಿಗೆ ಎಷ್ಟು ಗರ್ವ ಇತ್ತೋ ಏನೋ, ಒಂದು ಹುಡುಗಿಯ ಹೆಸರು ಅದಕ್ಕೆ ಬಲಿಯಾಯಿತು.

ಕೂಸು ಹುಟ್ಟಿತು, ಗಂಡು. ಹನ್ನೆರಡು ದಿನ ಕಳೆಯಿತು. ಆ ಮಂಜಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪಟದ ಮನೆಗೆ ಬಂದವಳು ಚೆಲುವಜ್ಜಿ. ಕೂಸಿಗೆ ನೀರೆರೆದು ನೇರವಾಗಿ ಬಂದಿದ್ದಳು. ಚಳಿಗೆ ದಪ್ಪ ಕಂಬಳಿ ಹೊದ್ದಿದ್ದಳು.

"ಹೇಗಿದೆ ಅಜ್ಜಿ ಮುಖ?" ಅಂತ ಕೇಳಿದೆ.

"ಮಂಜಿನಲ್ಲಿ ಏನು ಕಾಣ್ತದೆ ಪಟದಯ್ಯ," ಅಂದು ಒಳಗೆ ಹೋದಳು.

ಬಿಸಿಲು ಮಂಜನ್ನು ಸೀಳುವ ಹೊತ್ತಿಗೆ ಹೊಂಬಾಳಮ್ಮನ ಗಂಡ ಕೆಂಚಣ್ಣ ತೊಟ್ಟಿಲು ಹೊತ್ತು ತಂದ. ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೊಂಬಾಳಮ್ಮ, ಎದೆಗವಚಿದ ಕೂಸು. ಬಟ್ಟೆ ಸರಿಸಿ ನೋಡಿದರೆ ಮೂವತ್ತರ ಹರೆಯದ ಒಬ್ಬ ಗಂಡಸು. ದಪ್ಪ ಹುಬ್ಬು, ತುದಿ ಮೇಲಕ್ಕೆ ತಿರುವಿದ ಮೀಸೆ, ನಗುವನ್ನು ಒಳಗೇ ಅದುಮಿ ಹಿಡಿದಂಥ ತುಟಿ, ನೆತ್ತಿಯ ಮೇಲೆ ಒಂದು ಕೂದಲೂ ಇಲ್ಲ.

"ಅಯ್ಯೋ, ಹಾಲು ಕೊಡೋಕೆ ನಾಚ್ಕೆ ಆಗ್ತದೆ ಕಣ್ರೀ," ಅಂದಳು ಹೊಂಬಾಳಮ್ಮ. "ದಿಟ್ಟಿಸಿ ಬೇರೆ ನೋಡ್ತಾನೆ."

"ನಂಗೂ ಹಾಗೇ ಅನ್ನಿಸ್ತು," ಅಂದ ಕೆಂಚಣ್ಣ. "ಬೆಳಿಗ್ಗೆ ಎತ್ಕೊಳ್ಳೋಕೆ ಹೋಗಿ, 'ಬನ್ನಿ ಅಣ್ಣ' ಅಂದುಬಿಟ್ಟೆ."

ನಾನು ಮುಖ ಬರೆದು, ತೂತು ಚುಚ್ಚಿ, ಎಂಟು ಕಾಗದದ ಮೇಲೆ ಇದ್ದಿಲು ತಟ್ಟಿದೆ. ಹೊಂಬಾಳಮ್ಮನ ಜಾಗಕ್ಕೆ ಅವಳ ನಾದಿನಿ ಬಂದಿದ್ದಳು. ಎಂಟು ಹೆಂಗಸರು ಸೆರಗು ಬಿಗಿದು ಗೋಡೆಯ ಮುಂದೆ ಸಾಲಾದರು. ನಾನು ಗಂಟೆ ಹೊಡೆದೆ. ಆ ಅಂದ ನೋಡಬೇಕಿತ್ತು: ಎಂಟು ತಲೆಗಳು ಒಂದೇ ಸಲಕ್ಕೆ ಕಾಗದ, ಗೋಡೆ, ಕಾಗದ, ಗೋಡೆ ಅಂತ ಆಡುತ್ತಿದ್ದವು, ಕಾಳು ಹೆಕ್ಕುವ ಕೋಳಿಗಳ ಹಾಗೆ. ಬೋರಲಿಂಗಯ್ಯ ಕೂಡ ಜಗಲಿ ಬಿಟ್ಟು ಬಂದು ಕಂಬಕ್ಕೆ ಒರಗಿ ನಿಂತ. ಒಬ್ಬೊಬ್ಬರಾಗಿ ಮುಗಿಸಿದರು, ವಾಡಿಕೆಯ ಹಾಗೆ ಚೆಲುವಜ್ಜಿಯ ಪಾಲಿಗೆ ಹೋಗಿ ಸೇರಿದರು. ಅವಳು ಅವತ್ತು ಬೈಯಲಿಲ್ಲ. ಯಾವ ಪಟದ ಕಥೆಯನ್ನೂ ಹೇಳಲಿಲ್ಲ. ನೆರಳಿಗೆ ಇನ್ನೂ ಎರಡು ಗೇಣು ಉದ್ದ ಇರುವಾಗಲೇ ಗೋಡೆಯೆಲ್ಲ ಮುಗಿಯಿತು.

ಎಂಟು ಪಟಗಳನ್ನು ತೊಟ್ಟಿಲ ಸುತ್ತ ಇಟ್ಟು ನೋಡಿದೆವು. ಒಂದರ ಹುಬ್ಬು ಸರಿ, ಮೂಗು ಅಲ್ಲ. ಒಂದರ ಮೀಸೆ ಸರಿ, ಆದರೆ ಅವನ ಮುಖದಲ್ಲಿ ನಗುವೇ ಇಲ್ಲ, ತಗಾದೆಗೆ ಬಂದವನ ಹಾಗಿದ್ದ. ದೊಡ್ಡತಾಯಿ ತಂದ ಪಟದ ಕಿವಿ ಮಾತ್ರ ಅಚ್ಚುಕಟ್ಟಾಗಿತ್ತು. ಯಾವುದೂ ಅಲ್ಲ.

"ಗೋಡೆ ಬದಲಾಯಿಸಿ ಇನ್ನೊಂದ್ಸಲ ನೋಡ್ರೇ," ಅಂದಳು ಹೊಂಬಾಳಮ್ಮ.

ಇವಳ ಪಾಲು ಅವಳು, ಅವಳ ಪಾಲು ಇವಳು ಹಿಡಿದು ಓಡಿದರು. ಅವಸರಕ್ಕೆ ಪಟಗಳು ಗೂಟದಲ್ಲಿ ತೂಗಾಡಿದವು. ನೆರಳು ಒಂದು ಗೇಣಾಯಿತು, ಆಮೇಲೆ ನಾಲ್ಕು ಬೆರಳು. ಸಿಗಲಿಲ್ಲ. ಬೋರಲಿಂಗಯ್ಯ ನನ್ನ ಹತ್ತಿರ ಬಂದ. ನಾನಾಗಲೇ ಹೇಳಿರಲಿಲ್ಲವೇ ಅನ್ನುತ್ತಾನೆ ಅಂದುಕೊಂಡೆ. ಅವನು, "ನಾನೂ ಒಂದು ಗೋಡೆ ನೋಡ್ಲಾ ಪಟದಯ್ಯ? ಕನ್ನಡಕ ತಂದಿದ್ದೀನಿ," ಅಂದ.

ನಾನು ಗೋಡೆಯುದ್ದಕ್ಕೂ ನಡೆದೆ. ಕೈಮುಗಿಯಲಿಲ್ಲ, ಕ್ಷಮೆ ಕೇಳಲಿಲ್ಲ, ಹಿರಿಯರು ತಾಳಿಕೊಂಡರು. ಖಾಲಿ ಗೂಟಗಳು ನಮ್ಮಲ್ಲಿ ಬೇಕಾದಷ್ಟು, ಪಟ ಕೂಸಿನ ಜೊತೆ ಹೋದ ಜಾಗಗಳು. ಅವು ಮಸಿ ಹಿಡಿದು ಗೋಡೆಯ ಬಣ್ಣಕ್ಕೇ ಸೇರಿಹೋಗಿರುತ್ತವೆ. ಚೆಲುವಜ್ಜಿಯ ಪಾಲಿನಲ್ಲಿ, ಎದೆಯೆತ್ತರಕ್ಕೆ, ಒಂದು ಗೂಟದ ಕೆಳಗೆ ಗೇಣುದ್ದದ ಗೋಡೆ ಬೆಳ್ಳಗೆ ಇತ್ತು.

ಆ ಗೂಟ ನನಗೆ ಗೊತ್ತು. ಕೆಂಪು ಮುಂಡಾಸು ಸುತ್ತಿದ ಒಬ್ಬ ಯುವಕನ ಪಟ ಅಲ್ಲಿತ್ತು. ಪಟದ ಮನೆಯಲ್ಲಿ ನಾನು ಒರೆಸದ ಪಟ ಅದೊಂದೇ, ಯಾಕೆಂದರೆ ಅದಕ್ಕೆ ಧೂಳೇ ಇರುತ್ತಿರಲಿಲ್ಲ. ಹಪ್ಪಳ ಒಣಹಾಕಿ ಬಿಸಿಲಿಗೆ ಸುಸ್ತಾಯಿತು ಅಂತ ಚೆಲುವಜ್ಜಿ ದಿನವೂ ಒಳಗೆ ಬಂದು ಅದರ ಮುಂದೆ ನಿಲ್ಲುತ್ತಿದ್ದಳು. ಹೋಗುವಾಗ ಸೆರಗಿನಿಂದ ಒಮ್ಮೆ ಒರೆಸುತ್ತಿದ್ದಳು. ನಲವತ್ತೆಂಟು ವರ್ಷ. ಅವಳ ಗಂಡನಿಗೆ ಚಿಕ್ಕ ವಯಸ್ಸಿಗೇ ತಲೆ ಬೋಳಾಗಿತ್ತು ಅಂತ ಊರಲ್ಲಿ ಯಾರಿಗೆ ಗೊತ್ತು? ಮುಂಡಾಸು ತೆಗೆದ ಆ ತಲೆಯನ್ನು ಕಂಡವಳು ಅವಳೊಬ್ಬಳೇ.

ಅವಳು ಜಗಲಿಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮಂಜು ಹೋಗಿ ಬಿಸಿಲು ಸುಡುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಲ್ಲೇ ಕೂಗಿ ಹೇಳಿಬಿಡಬಹುದಿತ್ತು. ಕೂಗಲಿಲ್ಲ.

"ಸೆಖೆ ಅಲ್ವಾ ಅಕ್ಕ?" ಅಂದೆ. ಅವಳನ್ನು ನಾನು ಅಕ್ಕ ಅಂದದ್ದು ಅದೇ ಮೊದಲು.

"ನಂಗೆ ಚಳಿ," ಅಂದಳು.

"ಇವತ್ತು ಒಂದು ಕಥೇನೂ ಹೇಳ್ಲಿಲ್ಲ."

"ಗಂಟಲು ಕಟ್ಟಿದೆ."

ನಾನು ನೆರಳುಗಂಬದ ಕಡೆ ನೋಡಿದೆ. "ಆ ಹುಡುಗೀದು ತಪ್ಪಿಹೋದದ್ದು ನನ್ನಿಂದ," ಅಂದೆ. "ಯಾವ ಪಟದ ಮುಂದಿನಿಂದಲೂ ಬೇಗ ಕಾಲು ತೆಗೆಯೋಕೆ ಮನಸ್ಸು ಬರ್ಲಿಲ್ಲ. ಭಕ್ತಿ ಅಂದ್ಕೊಂಡಿದ್ದೆ."

ಕಂಬಳಿಯೊಳಗೆ ಅವಳ ಕೈ ಏನನ್ನೋ ಸವರುತ್ತಿತ್ತು. "ಕೊಟ್ರೆ ಗೋಡೆ ಖಾಲಿ ಆಗ್ತದಲ್ಲ ಪಟದಯ್ಯ," ಅಂದಳು, ನನಗೆ ಮಾತ್ರ ಕೇಳುವ ಹಾಗೆ.

"ಆಗ್ತದೆ ಅಕ್ಕ," ಅಂದೆ. ಬೇರೆ ಏನು ಹೇಳಲಿ? ಸುಳ್ಳು ಹೇಳುವ ವಯಸ್ಸು ನಮ್ಮಿಬ್ಬರಿಗೂ ದಾಟಿತ್ತು.

ನೆರಳು ಎರಡು ಬೆರಳಿನಷ್ಟಾಯಿತು. ಒಳಗಿನಿಂದ ಹೆಂಗಸರ ಅಳು ಕೇಳಿತು. ದೊಡ್ಡತಾಯಿ ಗೋಡೆಯನ್ನೇ ಬೈಯುತ್ತಿದ್ದಳು. ಹೊಂಬಾಳಮ್ಮ ಅಳುತ್ತಿರಲಿಲ್ಲ, ಕೂಸಿನ ಮೀಸೆಯ ಮೇಲೆ ಬೆರಳಿಟ್ಟು, ಇಷ್ಟರಲ್ಲೇ ಅದು ಹೊರಟುಹೋಗುತ್ತದೆಂದು ತಿಳಿದವಳ ಹಾಗೆ ನೋಡುತ್ತಿದ್ದಳು. ಬೀದಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿಕೊಂಡು ಆಡುತ್ತಿದ್ದವು. ಅವಳ ದೊಡ್ಡ ಮಗಳು ಬಾಗಿಲ ಹತ್ತಿರ ನಿಂತು ಆ ಹೆಸರುಗಳನ್ನು ಕೇಳುತ್ತಿದ್ದಳು.

ಚೆಲುವಜ್ಜಿ ಆ ಹುಡುಗಿಯನ್ನು ನೋಡಿದಳು. ಮಂಡಿಗೆ ಕೈಕೊಟ್ಟು ಎದ್ದಳು.

"ಸರೀರೇ ಆ ಕಡೆ. ಕೂಸಿಗೆ ಗಾಳಿ ಬಿಡಿ," ಅಂತ ಹೆಂಗಸರನ್ನು ಮೊಣಕೈಯಿಂದ ತಳ್ಳಿಕೊಂಡು ತೊಟ್ಟಿಲ ಹತ್ತಿರ ಹೋದಳು. ಸೊಂಟದ ಮೇಲೆ ಕೈಯಿಟ್ಟು ಕೂಸಿನ ಮುಖವನ್ನೇ ನೋಡಿದಳು. ಕೂಸೂ ಅವಳನ್ನು ನೋಡಿತು. ಮೀಸೆಯ ಕೆಳಗೆ ತುಟಿ ಅದುಮಿಕೊಂಡೇ ಇತ್ತು.

"ನಗ್ತೀರಾ?" ಅಂದಳು ಚೆಲುವಜ್ಜಿ. "ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ರಿ? ನಂಗೆ ಹಲ್ಲು ಬಿದ್ದ ಮೇಲೆ ಬರೋದಾ? ಅದೂ ಪಕ್ಕದ ಮನೆಗೆ?"

ಹನ್ನೆರಡು ದಿನದ ಕೂಸನ್ನು ಅವಳು ಬಹುವಚನದಲ್ಲಿ ಬೈಯುವುದನ್ನು ಕೇಳಿ ಎಲ್ಲರೂ ಬೆರಗಾಗಿ ನಿಂತರು. ಬಾಗಿಲಿಂದ ಬೋರಲಿಂಗಯ್ಯ, "ನೆರಳು! ನೆರಳು!" ಅಂತ ಕೂಗಿದ.

ಚೆಲುವಜ್ಜಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದವಳು. ಮನೆಗೆ ಜನಗಣತಿಯವರು ಬಂದಾಗ ಪಕ್ಕದ ಮನೆಯವರನ್ನು ಕರೆಸಿ ಹೇಳಿಸಿದ್ದಳು. ಅಂಥವಳು ಬಾಗಿ, ಸೆರಗಿನಿಂದ ತನ್ನ ಬಾಯನ್ನೂ ಕೂಸಿನ ಕಿವಿಯನ್ನೂ ಸೇರಿಸಿ ಮರೆಮಾಡಿಕೊಂಡಳು. ಮೊದಲನೆಯ ಸಲ ಬರೀ ಉಸಿರು ಹೋಯಿತೇನೋ. ಎರಡನೆಯ ಸಲ ಅವಳ ಭುಜ ಅಲುಗಿತು. ಮೂರನೆಯ ಸಲ ನಮಗೂ ಏನೋ ಕೇಳಿದಂತಾಯಿತು, ಅಕ್ಷರ ತಿಳಿಯಲಿಲ್ಲ.

ಸೆರಗು ಸರಿಸಿದಾಗ ಮೀಸೆ ಇರಲಿಲ್ಲ. ಹಿಟ್ಟಿನುಂಡೆಯಂಥ ಮುಖದ ಕೂಸು ಕಾಲು ಝಾಡಿಸಿ ಗಟ್ಟಿಯಾಗಿ ಅತ್ತಿತು.

"ಏನಂದೆ ಅಜ್ಜಿ? ಏನು ಹೆಸರು? ಯಾರದು?" ಹೆಂಗಸರೆಲ್ಲ ಒಂದೇ ಸಲಕ್ಕೆ ಮುತ್ತಿದರು.

"ಮೂರು ಸಲ ಹೇಳಿದ್ದೇ ಜಾಸ್ತಿ ಆಯ್ತು," ಅಂದಳು ಚೆಲುವಜ್ಜಿ. "ಹಿಂದೆ ಬರೆದದೆ. ನೀವೇ ಓದ್ಕೊಳ್ಳಿ."

ಕಂಬಳಿಯೊಳಗಿನಿಂದ ಪಟ ತೆಗೆದಳು. ಕೆಂಪು ಮುಂಡಾಸಿನ ಮೇಲೆ ಧೂಳೇನೂ ಇರಲಿಲ್ಲ. ಆದರೂ ಸೆರಗಿನಿಂದ ಒಮ್ಮೆ ಒರೆಸಿದಳು. ಹೊಂಬಾಳಮ್ಮ ಎರಡೂ ಕೈ ಚಾಚಿದಳು. ಚೆಲುವಜ್ಜಿ ಪಟವನ್ನು ಅವಳ ಅಂಗೈಗಳ ಮೇಲೆ ಇಟ್ಟು, ಒಂದು ಗಳಿಗೆ ತನ್ನ ಕೈಯನ್ನೂ ಅದರ ಮೇಲೆಯೇ ಇಟ್ಟುಕೊಂಡಿದ್ದು, ಆಮೇಲೆ ತೆಗೆದಳು.